ಎಂಆರ್‌ಐ ಸ್ಕ್ಯಾನ್‌ನಲ್ಲಿ ಮೆದುಳಿನ ಒಳಗಿನ ಭಾಗಗಳನ್ನು ಕಂಪ್ಯೂಟರ್ ತಾನೇ ಹೇಗೆ ಗುರುತಿಸುತ್ತದೆ?

ಬರೀ ಬಣ್ಣ ನೋಡಿ ಅಲ್ಲ. ಎಂಆರ್‌ಐನ ಸಾಮಾನ್ಯ ಬಗೆಯಾದ ಟಿ1 ಸ್ಕ್ಯಾನ್‌ನಲ್ಲಿ ಪುಟಾಮೆನ್ ಎಂಬ ಒಳಭಾಗ ಬೂದಾಗಿ, ಸುಮಾರಾಗಿ ಚೆನ್ನಾಗಿಯೇ ಕಾಣುತ್ತದೆ. ಅದಕ್ಕೆ ಅಂಟಿಕೊಂಡೇ ಇರುವ ಗ್ಲೋಬಸ್ ಪ್ಯಾಲಿಡಸ್ ಎಂಬ ಭಾಗ ಹಾಗಲ್ಲ. ಅದರಲ್ಲಿ ಕಬ್ಬಿಣದ ಅಂಶ ಜಾಸ್ತಿ, ನರತಂತುಗಳೂ ಜಾಸ್ತಿ. ಹಾಗಾಗಿ ಪಕ್ಕದ ಬಿಳಿ ಭಾಗದ ಜೊತೆ ಬೆರೆತು ಹೋಗುತ್ತದೆ. ಥಾಲಮಸ್ ಎಂಬ ಇನ್ನೊಂದು ಒಳಭಾಗದ ಹೊರ ಅಂಚೂ ಅಷ್ಟೇ, ಮಸುಕು.

ಅದಕ್ಕೇ ಜಾಗ ಮತ್ತು ಆಕಾರದ ನೆರವು ಬೇಕು. ಪರಿಣತರು ಕೈಯಲ್ಲೇ ಗೆರೆ ಎಳೆದು ಗುರುತಿಸಿದ ಸ್ಕ್ಯಾನ್‌ಗಳಿಂದ, ಯಾವ ಜಾಗದಲ್ಲಿ ಯಾವ ಭಾಗ ಇರುವ ಸಾಧ್ಯತೆ ಎಷ್ಟು ಎಂಬ ನಕ್ಷೆ ಮಾಡುತ್ತಾರೆ. ಫ್ರೀಸರ್ಫರ್ ಎಂಬ ಸಾಫ್ಟ್‌ವೇರ್ ಹೀಗೆ ಕೆಲಸ ಮಾಡುತ್ತದೆ. ಎಫ್‌ಎಸ್‌ಎಲ್ ಎಂಬ ಇನ್ನೊಂದು ಸಾಫ್ಟ್‌ವೇರ್‌ನ ‘ಫಸ್ಟ್’ ಎಂಬ ಸಾಧನ 336 ಸ್ಕ್ಯಾನ್‌ಗಳಿಂದ ಪ್ರತಿ ಭಾಗದ ಆಕಾರ ಹೇಗೆಲ್ಲ ಬದಲಾಗಬಹುದು ಅಂತ ಕಲಿತಿದೆ. 2015ರಲ್ಲಿ ಬಂದ ಯು-ನೆಟ್ ಥರದ ಕಂಪ್ಯೂಟರ್ ನರಜಾಲಗಳು (ನ್ಯೂರಲ್ ನೆಟ್‌ವರ್ಕ್) ಇದನ್ನೆಲ್ಲ ಉದಾಹರಣೆ ನೋಡಿ ತಾವೇ ಕಲಿಯುತ್ತವೆ. ವೇಗವೂ ಜಾಸ್ತಿ.

ಫಲಿತಾಂಶವನ್ನು ಪರಿಣತರು ಕೈಯಲ್ಲಿ ಎಳೆದ ಗೆರೆಗೆ ಹೋಲಿಸಿ ‘ಡೈಸ್’ ಅಂಕ ಕೊಡುತ್ತಾರೆ. 1 ಬಂದರೆ ಪೂರ್ತಿ ಹೊಂದಿಕೆ. ಆದರೆ ಸಣ್ಣ ಭಾಗಗಳಿಗೆ ಈ ಅಂಕ ಸ್ವಲ್ಪ ನಿರ್ದಯಿ. 10 ಮಿ.ಮೀ. ಘನದ ಸುತ್ತ ಬರೀ 1 ಮಿ.ಮೀ. ಪದರ ತಪ್ಪಿದರೆ (ಒಂದೊಂದು 1 ಮಿ.ಮೀ. ಘನದ) 1000 ಚುಕ್ಕಿಗಳಲ್ಲಿ 512 ಮಾತ್ರ ಉಳಿಯುತ್ತವೆ, ಅರ್ಧಕ್ಕರ್ಧ ಹೋಯಿತು ಅಲ್ವಾ! 50 ಮಿ.ಮೀ. ಘನದಲ್ಲಿ ಅದೇ ತಪ್ಪಿಗೆ ಹೋಗುವುದು ಶೇ. 12ರಷ್ಟು ಮಾತ್ರ.

ಪಾರ್ಕಿನ್‌ಸನ್ ರೋಗಿಗಳಿಗೆ ಎಲೆಕ್ಟ್ರೋಡ್ ಇಡುವ ಸಬ್‌ಥಾಲಮಿಕ್ ನ್ಯೂಕ್ಲಿಯಸ್ ಇಂಥದ್ದೇ ಪುಟ್ಟ ಭಾಗ. ಅದಕ್ಕೆ ಟಿ1 ಸಾಲದು, ಕಬ್ಬಿಣ ಕಪ್ಪಾಗಿ ಕಾಣುವ ಟಿ2 ಸ್ಕ್ಯಾನ್ ಬೇಕು. ಕಂಪ್ಯೂಟರ್ ಎಳೆದ ಗೆರೆಯನ್ನು ವೈದ್ಯರು ಮತ್ತೆ ನೋಡಿಯೇ ಮುಂದುವರಿಯುತ್ತಾರೆ.