ಸ್ಪ್ಯಾನಿಷ್ ಬಂದರೆ ಲಿಸ್ಬನ್ನಿನಲ್ಲಿ ಸಾಕೇ?

ಮ್ಯಾಡ್ರಿಡ್‌ನಲ್ಲಿ ಎರಡು ವರ್ಷ ಇದ್ದೆ, ಸ್ನಾತಕೋತ್ತರ ಪದವಿಗೆ ಲಿಸ್ಬನ್‌ಗೆ ಬರುತ್ತಿದ್ದೇನೆ, ಸ್ಪ್ಯಾನಿಷ್‌ನಲ್ಲೇ ದಿನ ಕಳೆಯಬಹುದೇ, ಮನೆ, ಊಟ ಹೇಗೆ ಎಂದು ಕೇಳಿದ್ದೀರಿ. ಬಾಡಿಗೆ ದುಬಾರಿ, ಮನೆಯನ್ನು ಕಣ್ಣಾರೆ ನೋಡದೆ ಮುಂಗಡ ಕೊಡಬೇಡಿ. ‘ನಿಫ್’ ಎಂಬ ತೆರಿಗೆ ಸಂಖ್ಯೆಯನ್ನು ಮೊದಲು ಮಾಡಿಸಿಕೊಳ್ಳಿ. ಬೇಳೆ, ಹುಣಸೆಹಣ್ಣು ಮಾರ್ತಿಂ ಮೊನೀಜ್ ಚೌಕದ ಸುತ್ತಲಿನ ಅಂಗಡಿಗಳಲ್ಲಿ ಸಿಗುತ್ತವೆ. ಉಳಿದದ್ದು ಬಂದ ಮೇಲೆ ತಾನಾಗಿ ತಿಳಿಯುತ್ತದೆ.

ಭಾಷೆಯ ವಿಷಯ ಹಾಗಲ್ಲ. ನಾನು ಬಂದ ಹೊಸತರಲ್ಲಿ ಕೆಳಮನೆಯ ಅಜ್ಜಿ ದಾಲ್ಚಿನ್ನಿ ಪುಡಿ ಉದುರಿಸಿದ ಅಕ್ಕಿ ಪಾಯಸ ತಂದುಕೊಟ್ಟರು. ಇಲ್ಲಿ ಅದಕ್ಕೆ ‘ಅರ‍್ರೋಸ್ ದೋಸ್’ ಎನ್ನುತ್ತಾರೆ. ನನ್ನ ಜೊತೆಗಿದ್ದ ಸ್ಪೇನಿನ ಹುಡುಗಿ ಒಂದು ಚಮಚ ಬಾಯಿಗಿಟ್ಟು, ತನ್ನ ‘ಎಕ್ಸ್‌ಕಿಸಿತೊ’ವನ್ನು ಪೋರ್ಚುಗೀಸಿಗೆ ತಿರುಗಿಸಿ, ‘ಎಸ್ಕಿಜಿತು’ ಎಂದು ಮನಸಾರೆ ಹೊಗಳಿದಳು. ಅಜ್ಜಿಯ ಮುಖ ಬಾಡಿತು. ಬರಿ ಪಾತ್ರೆ ಹಿಂದಿರುಗಿಸಬಾರದೆಂದು ನಾನು ಮರುದಿನ ಚಿತ್ರಾನ್ನ ಹಾಕಿ ಕೊಟ್ಟರೂ ಅವರು ಮೊದಲಿನಂತೆ ಮಾತನಾಡಲಿಲ್ಲ.

ಎರಡೂ ಮಾತಿನ ಬೇರು ಲ್ಯಾಟಿನ್ನಿನ ‘ಎಕ್ಸ್‌ಕ್ವಿಸೀತುಸ್’: ಹುಡುಕಿ ಆರಿಸಿದ್ದು ಎಂದರ್ಥ. ಆರಿಸಿದ್ದು ಶ್ರೇಷ್ಠ ಎಂಬ ಕಡೆಗೆ ಸ್ಪ್ಯಾನಿಷ್ ನಡೆಯಿತು. ಅಲ್ಲಿ ಅದು ಅತಿ ರುಚಿಯಾದ, ನಯವಾದ ಎಂದಾಯಿತು. ಪೋರ್ಚುಗೀಸಿನಲ್ಲಿ ಅಪರೂಪದ್ದು ವಿಚಿತ್ರದ್ದಾಯಿತು. ಹಳೆಯ ಒಳ್ಳೆಯ ಅರ್ಥ ನಿಘಂಟಿನಲ್ಲಿ ಈಗಲೂ ಇದೆ, ಆದರೆ ಊಟ ಬಡಿಸಿದವರ ಕಿವಿಗೆ ಬೀಳುವುದು ‘ಏನೋ ಒಂಥರಾ ಇದೆ’ ಎಂದೇ. ನಮ್ಮ ಉಪನ್ಯಾಸ ಹಿಂದಿಯಲ್ಲಿ ಕಾದಂಬರಿಯಾಗುವುದಿಲ್ಲವೇ, ಹಾಗೆ.

ಇದು ನಮಗೆ ತಿಳಿಯುವ ಹೊತ್ತಿಗೆ ಅಜ್ಜಿ ಬ್ರಾಗಾದಲ್ಲಿದ್ದ ಮಗಳ ಮನೆಗೆ ಹೊರಟುಹೋಗಿದ್ದರು. ಆ ಹುಡುಗಿ ಹೊಗಳಿದ್ದಳು ಎಂದು ಅವರಿಗೆ ಹೇಳಲಾಗಲಿಲ್ಲವಲ್ಲ ಎಂಬುದು ನನ್ನನ್ನು ಇಂದಿಗೂ ಕೊರೆಯುತ್ತದೆ. ಪರವೂರಿನಲ್ಲಿ ಮೊದಲು ಬಾಗಿಲು ತಟ್ಟಿದವರು ಅವರು.

ಆದ್ದರಿಂದ ಬರುವ ಮೊದಲೇ ಪೋರ್ಚುಗೀಸ್ ಕಲಿಯಲು ಶುರುಮಾಡಿ. ನಮ್ಮ ಮೇಜು, ಚಾವಿ, ಪಗಾರಗಳನ್ನು ಕೊಟ್ಟ ಭಾಷೆ ಅದು. ನನಗಂತೂ ಈಗ ಅದರ ಮೇಲೆ ಮನೆಮಾತಿನಷ್ಟೇ ಅಭಿಮಾನ. ಊಟ ಹಿಡಿಸಿದರೆ ‘ದೆಲಿಸಿಯೋಜು’ ಎನ್ನಿ, ಅದು ಎರಡೂ ಕಡೆ ಸಲ್ಲುತ್ತದೆ. ಕೋಟು ಕೊಳ್ಳುವಾಗ ‘ಲಾರ್ಗು’ ಎಂದರೆ ಇಲ್ಲಿ ಅಗಲ, ನಿಮ್ಮ ಸ್ಪ್ಯಾನಿಷ್‌ನ ಹಾಗೆ ಉದ್ದವಲ್ಲ. ವಿಶ್ವವಿದ್ಯಾಲಯದ ಪತ್ರದಲ್ಲಿ ‘ಪ್ರೊಪಿನಾ’ ಎಂದಿದ್ದರೆ ಮ್ಯಾಡ್ರಿಡ್‌ನಲ್ಲಿ ಮಾಣಿಗೆ ಕೊಡುತ್ತಿದ್ದ ಭಕ್ಷೀಸು ಎಂದುಕೊಳ್ಳಬೇಡಿ. ಅದು ಬೋಧನಾ ಶುಲ್ಕ, ಗಡುವಿನೊಳಗೆ ಕಟ್ಟಿಬಿಡಿ.