ರಾಜಿಯಲ್ಲಿ ಯಾರು ಏನು ಬಿಟ್ಟರು? – ಒಂದು ಲೇಖನಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಸಂವಿಧಾನ ರಚನಾ ಸಭೆಯನ್ನು ಕುರಿತ ನಿಮ್ಮ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಭಾಷಾ ವಿವಾದ, ಅಲ್ಪಸಂಖ್ಯಾತರ ಮೀಸಲು ಸ್ಥಾನ, ಏಕರೂಪ ನಾಗರಿಕ ಸಂಹಿತೆ, ವೈಯಕ್ತಿಕ ಸ್ವಾತಂತ್ರ್ಯ ಎಂದು ನಾಲ್ಕು ಜಗಳಗಳನ್ನು ಎತ್ತಿಕೊಂಡಿದ್ದೀರಿ. ನಾಲ್ಕನ್ನೂ ‘ಸುದೀರ್ಘ ಚರ್ಚೆಯ ಬಳಿಕ ಒಮ್ಮತ ಮೂಡಿತು’ ಎಂದೇ ಮುಗಿಸಿದ್ದೀರಿ. ರಾಜಿ ಎಂದ ಮೇಲೆ ಯಾರಾದರೂ ಏನನ್ನಾದರೂ ಬಿಟ್ಟುಕೊಟ್ಟಿರಬೇಕಲ್ಲವೇ? ನಿಮ್ಮ ಲೇಖನದಲ್ಲಿ ಯಾರಿಗೂ ಯಾವ ನಷ್ಟವೂ ಆಗಿಲ್ಲ.

ಉಳಿದವನ್ನು ಕೈಬಿಟ್ಟು, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ 21ನೇ ವಿಧಿಯೊಂದನ್ನೇ ಹಿಡಿಯಿರಿ. ‘ಅಂಬೇಡ್ಕರ್ ಅವರು ಈ ವಿವಾದಕ್ಕೆ ತೆರೆ ಎಳೆದರು’ ಎಂದು ಬರೆದಿದ್ದೀರಿ, ನಡೆದದ್ದು ಹಾಗಲ್ಲ. ವ್ಯಕ್ತಿಯ ಸ್ವಾತಂತ್ರ್ಯವನ್ನು ಕಸಿಯುವ ಕಾನೂನು ನ್ಯಾಯಯುತವೇ ಎಂದು ನ್ಯಾಯಾಲಯ ಪರಿಶೀಲಿಸಬಹುದೇ, ಇಲ್ಲವೇ ಶಾಸಕಾಂಗ ಕಾನೂನು ಮಾಡಿದ್ದರೆ ಅಷ್ಟೇ ಸಾಕೇ ಎಂಬುದು ಅಲ್ಲಿದ್ದ ಪ್ರಶ್ನೆ. 1947ರಲ್ಲಿ ಸಭೆ ಒಪ್ಪಿದ್ದ ರೂಪ ನ್ಯಾಯಾಲಯದ ಕಡೆಗಿತ್ತು, ಅಂದರೆ ಕಾನೂನನ್ನು ಪರಿಶೀಲಿಸಲು ಅದಕ್ಕೆ ಅವಕಾಶವಿತ್ತು. ಸಾಂವಿಧಾನಿಕ ಸಲಹೆಗಾರ ಬಿ.ಎನ್. ರಾವ್ ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರೊಂದಿಗೆ ಮಾತನಾಡಿ ಬಂದ ಮೇಲೆ ಕರಡು ಸಮಿತಿ ಅದನ್ನು ಶಾಸಕಾಂಗದ ಕಡೆಗೆ ಬದಲಿಸಿತು. (ಮಂಗಳೂರಿನಲ್ಲಿ ಹುಟ್ಟಿದ ರಾವ್ ಅವರ ಹೆಸರೇ ಕನ್ನಡದ ಲೇಖನವೊಂದರಲ್ಲಿ ಕಾಣದಿರುವುದು ಸೋಜಿಗ.) ಕರಡು ಸಮಿತಿಯ ಸದಸ್ಯರಲ್ಲೇ ಕೆ.ಎಂ. ಮುನ್ಷಿ ಹಳೆಯ ರೂಪವೇ ಬೇಕೆಂದರು, ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಬೇಡವೆಂದರು. 13 ಡಿಸೆಂಬರ್ 1948ರಂದು ಉತ್ತರ ಕೊಡಲು ಎದ್ದ ಅಂಬೇಡ್ಕರ್, ಪಕ್ಷದ ಜನರೇ ತುಂಬಿರುವ ಶಾಸಕಾಂಗವನ್ನೂ ನಂಬುವುದು ಕಷ್ಟ, ಐದಾರು ನ್ಯಾಯಮೂರ್ತಿಗಳ ಕೈಗೆ ಎಲ್ಲವನ್ನೂ ಒಪ್ಪಿಸುವುದೂ ಕಷ್ಟ ಎಂಬ ಧಾಟಿಯಲ್ಲಿ ಮಾತನಾಡಿ, ತೀರ್ಮಾನವನ್ನು ಸಭೆಗೇ ಬಿಟ್ಟರು. ಹಳೆಯ ರೂಪವನ್ನು ಮರಳಿ ತರಲು ಸೂಚಿಸಿದ್ದ ತಿದ್ದುಪಡಿಗಳು ಬಿದ್ದುಹೋದವು.

ಆದರೂ ಅಸಮಾಧಾನ ಆರಲಿಲ್ಲ. 15 ಸೆಪ್ಟೆಂಬರ್ 1949ರಂದು ಅಂಬೇಡ್ಕರ್ ಅವರೇ, ಕಳೆದುಹೋದದ್ದಕ್ಕೆ ಪರಿಹಾರವೆಂಬಂತೆ, ಇಂದಿನ 22ನೇ ವಿಧಿಯನ್ನು ಮಂಡಿಸಿದರು: ಬಂಧಿತನಿಗೆ ಕಾರಣ ತಿಳಿಸಬೇಕು, ವಕೀಲರ ನೆರವು ಸಿಗಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅದೇ ವಿಧಿಯ ಒಳಗೆ ವಿಚಾರಣೆಯಿಲ್ಲದ ಮುಂಜಾಗ್ರತಾ ಬಂಧನಕ್ಕೂ ಜಾಗ ಸಿಕ್ಕಿತು. ಲಾಹೋರ್ ಹೈಕೋರ್ಟಿನ ಮಾಜಿ ನ್ಯಾಯಮೂರ್ತಿ ಬಕ್ಷಿ ಟೇಕ್ ಚಂದ್ ಅದನ್ನು ಕಟುವಾಗಿ ಟೀಕಿಸಿದರು. ನಿಮ್ಮ ಲೇಖನದ ಜೀವ ಇರಬೇಕಾದದ್ದು ಇಲ್ಲಿ.

ಇನ್ನೊಂದು ತಪ್ಪನ್ನೂ ತಿದ್ದಿಕೊಳ್ಳಿ. ಹಿಂದಿ ಒಂದೇ ಮತದಿಂದ ಗೆದ್ದ ಕಥೆ ಕಾಂಗ್ರೆಸ್ ಪಕ್ಷದ ಒಳಸಭೆಗೆ ಸೇರಿದ್ದು, ರಚನಾ ಸಭೆಯದ್ದಲ್ಲ. ಸಭೆ 14 ಸೆಪ್ಟೆಂಬರ್ 1949ರಂದು ಒಪ್ಪಿದ್ದು, ಹಿಂದಿಯ ಜೊತೆಗೆ ಇಂಗ್ಲಿಷ್ ಕೂಡ ಆಡಳಿತದಲ್ಲಿ ಮುಂದುವರಿಯಲು 15 ವರ್ಷ ಕೊಟ್ಟ ಮುನ್ಷಿ–ಅಯ್ಯಂಗಾರ್ (ಎನ್. ಗೋಪಾಲಸ್ವಾಮಿ ಅಯ್ಯಂಗಾರ್) ಸೂತ್ರವನ್ನು.

ಪರಿಷ್ಕರಿಸಿ ಕಳುಹಿಸಿದರೆ ಖಂಡಿತ ಮತ್ತೆ ಓದುತ್ತೇನೆ. ಮೇಲೆ ಹೇಳಿದ ದಿನಗಳ ನಡಾವಳಿಯನ್ನು ಮಾತ್ರ ಓದದೆ ಕಳುಹಿಸಬೇಡಿ.

ಇತಿ,
ಸಂಪಾದಕ