ಉಳಿದ ಸ್ಟಾಕ್ ಬೈಕು: ಮೊದಲು ಕೂತು ನೋಡಿ

ನನ್ನ ಎತ್ತರ ಕಡಿಮೆ, ಬೈಕು ಓಡಿಸುತ್ತಾ ರಸ್ತೆಗೆ ಇಳಿಯುತ್ತಿರುವುದೂ ಇದೇ ಮೊದಲು, ಮಾರಾಟವಾಗದೆ ಉಳಿದ ಹೋದ ವರ್ಷದ ಹೊಸ ಬೈಕು ತಗೊಳ್ಳಲಾ ಅಂತ ಕೇಳಿದ್ದೀರಿ. ಧಾರಾಳವಾಗಿ ತಗೊಳ್ಳಿ, ಆದರೆ ರಿಯಾಯಿತಿ ನೋಡಿ ಅಲ್ಲ, ಕೂತು ನೋಡಿ. ಸೀಟಿನ ಎತ್ತರದ ಅಂಕಿಯೊಂದನ್ನೇ ನಂಬಬೇಡಿ. 790 ಮಿ.ಮೀ. ಸೀಟು ಅಗಲವಾಗಿದ್ದರೆ ತೊಡೆ ಅಗಲಿಸಿ ಕಾಲು ನೆಲಕ್ಕೆ ಎಟುಕದಿರಬಹುದು. 810ರದ್ದು ಮುಂದೆ ಸಪೂರವಾಗಿದ್ದರೆ ಎಟುಕಬಹುದು. ಓಡಿಸುವಾಗ ಹಾಕುವ ಶೂನಲ್ಲೇ ಕೂತು, ಸ್ಟ್ಯಾಂಡ್ ತೆಗೆದು, ಹಿಂದಕ್ಕೆ ತಳ್ಳಿ ನೋಡಿ. ಎರಡೂ ಪಾದ ಪೂರ್ತಿ ಊರಲೇಬೇಕು ಅಂತೇನಿಲ್ಲ. ಸಸ್ಪೆನ್ಷನ್ (ಕುಲುಕಾಟ ತಡೆಯುವ ಸ್ಪ್ರಿಂಗ್ ಭಾಗ) ತಗ್ಗಿಸಿ ಕೊಡ್ತೀವಿ ಅಂತ ಅಂಗಡಿಯವರು ಅಂದರೆ ಸದ್ಯ ಬೇಡ ಅನ್ನಿ. ತಗ್ಗಿದ ಗಾಡಿಗೆ ಸೈಡ್ ಸ್ಟ್ಯಾಂಡ್ ಉದ್ದವಾಗಿ, ನಿಲ್ಲಿಸಿದಾಗ ಗಾಡಿ ಸ್ಟ್ಯಾಂಡ್ ಇಲ್ಲದ ಕಡೆಗೆ ಮಗುಚಬಹುದು, ಸುಮ್ನೆ ತಲೆನೋವು ಅಲ್ವಾ?

ಟಯರಿನ ಪಕ್ಕದ ಮೈಮೇಲಿರುವ ನಾಲ್ಕಂಕಿ ಓದಿ: 1423 ಅಂದರೆ 2023ರ 14ನೇ ವಾರದಲ್ಲಿ ತಯಾರಾದದ್ದು. ಗಾಡಿ ನಿಂತೇ ಇದ್ದದ್ದರಿಂದ ಬ್ಯಾಟರಿ ಹೊಸದು ಕೇಳಿ. ವಾರಂಟಿ ಯಾವ ದಿನದಿಂದ ಶುರು ಅಂತ ಬರೆಸಿಕೊಳ್ಳಿ.